ಸಾಕ್ಷ್ಯ ಸಂಖ್ಯೆ ಹದಿನಾಲ್ಕು: ಒಂದು ರವಿಕೆ ಕಣ

ಫೆಬ್ರವರಿಯ ಆ ಮಂಗಳವಾರ, ಡಲ್ಲಾಸಿನ ಒಂದು ಕಟ್ಟಡದ ಇಪ್ಪತ್ತೊಂದನೆಯ ಮಹಡಿಯಲ್ಲಿ, ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ನಾಲ್ಕರವರೆಗೆ ನಾನು ಎಪ್ಪತ್ತೆಂಟು ವರ್ಷದ ಮುತ್ತೈದೆಯಾಗಿದ್ದೆ.

ದುಭಾಷಿಯ ಕಸುಬೇ ಹಾಗೆ. ಸಾಕ್ಷಿ "ನನಗೆ ಮಂಡಿನೋವು" ಎಂದರೆ "ಅವರಿಗೆ ಮಂಡಿನೋವಂತೆ" ಎನ್ನುವ ಹಾಗಿಲ್ಲ. "ನನಗೆ ಮಂಡಿನೋವು" ಎಂದೇ ಇಂಗ್ಲಿಷಿನಲ್ಲಿ ನರಳಬೇಕು. ಸೇರಿಸಬಾರದು, ಬಿಡಬಾರದು, ತಿದ್ದಬಾರದು. ಸ್ವಂತದ ಮಾತೇನಾದರೂ ಹೇಳಲೇಬೇಕಾಗಿ ಬಂದರೆ "ದುಭಾಷಿ ನೀರು ಕೇಳುತ್ತಿದ್ದಾನೆ" ಎಂದು ಪಕ್ಕದ ಮನೆಯವನ ಸುದ್ದಿ ಹೇಳಿದಂತೆ ಹೇಳಬೇಕು. ನಾನು ಲಿಯಾಂಡರಿನಲ್ಲಿ ಮನೆ ಮಾಡಿಕೊಂಡು, ಆಸ್ಟಿನ್ನಿನ ಕಂಪನಿಯೊಂದಕ್ಕೆ ಯಾರೂ ಓದದ ಕೈಪಿಡಿಗಳನ್ನು ಬರೆಯುವವನು. ಕೋರ್ಟುಗಳ ಪಟ್ಟಿಯಲ್ಲಿ ಕನ್ನಡದ ಎದುರಿಗೆ ಉದಯಶಂಕರ ಎಂದು ಒಂದೇ ಹೆಸರಿರುವುದರಿಂದ ಆಗಾಗ ಇಂಥ ಜನ್ಮಗಳನ್ನೂ ಎತ್ತುತ್ತೇನೆ.

ಸಾಕ್ಷಿ ಶಾರದಮ್ಮನವರು ನನಗೆ ಪರಿಚಯದವರು ಎಂದು ಮೊದಲೇ ಎರಡೂ ಕಡೆಯ ವಕೀಲರಿಗೆ ತಿಳಿಸಿದ್ದೆ. ಯುಗಾದಿಗೆ ಅವರು ಬಡಿಸಿದ ಬಿಸಿಬೇಳೆಭಾತನ್ನು ಮೂರು ಬಾರಿ ಹಾಕಿಸಿಕೊಂಡು ತಿಂದಿದ್ದೇನೆ ಎಂದೂ ಬರೆದುಕೊಟ್ಟಿದ್ದೆ. ಟೆಕ್ಸಾಸಿನಲ್ಲಿ ಅವರ ಕೈ ಊಟ ಉಣ್ಣದ ಕನ್ನಡಿಗ ಬೇಕೆಂದರೆ ವಿಮಾನ ನಿಲ್ದಾಣದಲ್ಲೇ ಹಿಡಿಯಬೇಕಾಗುತ್ತದೆ. ಯಾರೂ ಆಕ್ಷೇಪಿಸಲಿಲ್ಲ.

ಮೊಕದ್ದಮೆ ಇಷ್ಟು. ಅರವತ್ತೈದು ದಾಟಿದವರು ಟೆಕ್ಸಾಸಿನಲ್ಲಿ ಮನೆಯಲ್ಲೇ ಕೂತು ಅಂಚೆಯಲ್ಲಿ ಮತ ಹಾಕಬಹುದು. ಓದಲು ಬಾರದವರು, ಕಣ್ಣು ಕಾಣದವರು ತಮಗೆ ಬೇಕಾದವರ ನೆರವು ಪಡೆಯಬಹುದೆಂದು, ಮತದಾನದಲ್ಲಿ ಭೇದಭಾವ ಕೂಡದೆನ್ನುವ ಫೆಡರಲ್ ಕಾಯ್ದೆ ಹೇಳುತ್ತದೆ. ಆದರೆ ರಾಜ್ಯದ ಕಾನೂನು ಆ ನೆರವಾಗುವವರ ಕತ್ತಿನ ಮೇಲೆ ಕತ್ತಿ ತೂಗುಹಾಕಿತ್ತು: ಅವರು ಲಕೋಟೆಯ ಮೇಲೆ ಪ್ರಮಾಣ ಮಾಡಿ ಸಹಿ ಹಾಕಬೇಕು, ಸಹಾಯಕ್ಕೆ ಪ್ರತಿಯಾಗಿ ಬೆಲೆಯುಳ್ಳ ಏನನ್ನಾದರೂ ಪಡೆದರೆ ಜೈಲು. ಹೀಗಾದರೆ ಸಹಾಯಕ್ಕೆ ಯಾರು ಬರುತ್ತಾರೆ ಎಂದು ಒಂದು ಸಂಘ ಆಸ್ಟಿನ್ನಿನ ಫೆಡರಲ್ ಕೋರ್ಟಿಗೆ ಹೋಗಿತ್ತು. ಸಂಘದ ಪರ ವಕೀಲೆ ದಿಯಾ. ಹ್ಯೂಸ್ಟನ್ನಿನಲ್ಲೇ ಹುಟ್ಟಿ ಬೆಳೆದ ಹುಡುಗಿ; ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಂದ ಮಾತ್ರ ಇಂಗ್ಲಿಷೇ ಬರುತ್ತದೆ. ಕೋರ್ಟಿನ ವಿಚಾರಣೆಗೆ ಮುಂಚೆ ಎದುರು ವಕೀಲರು ಸಾಕ್ಷಿಯನ್ನು ಕೂರಿಸಿ, ಪ್ರಮಾಣ ಮಾಡಿಸಿ, ಕೇಳುವ ಪ್ರಶ್ನೆಗಳ ದಿನ ಅದು.

ಹದಿನೈದು ವರ್ಷಕ್ಕೂ ಮೇಲೆ ಇಲ್ಲಿದ್ದು, ಕನ್ನಡದಲ್ಲೇ ಪರೀಕ್ಷೆ ಕೊಟ್ಟು ಪೌರತ್ವ ಪಡೆದ ಶಾರದಮ್ಮನವರಿಗೆ ಹಿಂದಿನ ಅಕ್ಟೋಬರಿನಲ್ಲಿ ಬ್ಯಾಲೆಟ್ ಓದಿ ಹೇಳಿದ್ದವರು, ಲಿಟಲ್ ಎಲ್ಮ್‌ನಲ್ಲಿ ಎರಡು ಮನೆ ಆಚೆಯ ನಳಿನಿ. ಆ ದಿನ ಕಾರಿನಲ್ಲಿ ಕರೆತಂದವರೂ ಅವರೇ. ಮೂಲೆಯ ಕುರ್ಚಿಯಲ್ಲಿ ಮಡಿಲಿಗೆ ಚೀಲ ಒತ್ತಿಕೊಂಡು ಕೂತಿದ್ದರು. ನಳಿನಿಗೆ ಇನ್ನೂ ಗ್ರೀನ್ ಕಾರ್ಡು. ಪೌರತ್ವದ ಸಂದರ್ಶನಕ್ಕೆ ಸರಿಯಾಗಿ ಮೂರು ವಾರ ಬಾಕಿ. ಅಂಥವರ ಮೇಲೆ ಒಂದು ಕ್ರಿಮಿನಲ್ ಆಪಾದನೆ ಬಿದ್ದರೆ ಪೌರತ್ವವಿರಲಿ, ಇಪ್ಪತ್ತು ವರ್ಷದ ಸಂಸಾರವನ್ನೇ ಸೂಟ್‌ಕೇಸಿಗೆ ತುಂಬಬೇಕಾದೀತು. ಇದು ಆ ಕೋಣೆಯಲ್ಲಿ ಶಾರದಮ್ಮನವರನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು.

ರಾಜ್ಯದ ಪರ ವಕೀಲ ಹಾಲೊವೇ ಕೌಬಾಯ್ ಬೂಟು ಹಾಕಿದ, ತಗ್ಗಿದ ದನಿಯ, ಮಾತಿಗೊಮ್ಮೆ "ಮ್ಯಾಮ್" ಎನ್ನುವ ಮನುಷ್ಯ.

"ನಿಮಗೆ ಸೌತ್‌ಲೇಕಿನಲ್ಲಿ ರಕ್ಷಿತ್ ಅನ್ನುವ ಮಗನಿದ್ದಾನಲ್ಲವೇ, ಮ್ಯಾಮ್? ಇಂಗ್ಲಿಷ್ ಬಲ್ಲವನು. ಅವನನ್ನು ಯಾಕೆ ಕರೆಯಲಿಲ್ಲ?"

"ಅವನನ್ನಾ!" ಶಾರದಮ್ಮ ಕೈ ಒದರಿದರು. "ಅವನು ಬಂದ್ರೆ ಅವನದೇ ಎರಡು ವೋಟಾಗತ್ತೆ. ಹೋದ್ಸಲ ನಾನು ಹೇಳಿದ್ದು ಒಂದು, ಅವನು ಚೀಟೀಲಿ ಕಪ್ಪು ಮಾಡಿದ್ದು ಇನ್ನೊಂದು. ಕೇಳಿದ್ರೆ ‘ಅಮ್ಮಾ, ನಿಂಗೆ ಗೊತ್ತಾಗಲ್ಲ ಸುಮ್ನಿರು’ ಅಂದ. ನಾನು ಹೆತ್ತ ಮಗ, ನನ್ನ ವೋಟು ಹೆತ್ತೋನಲ್ಲ."

"ನಿಮ್ಮ ಪತಿ?"

"ನಮ್ಮ ಯಜಮಾನ್ರಿಗೆ ಕಣ್ಣು ಮಂಜು. ಟೀವೀಲಿ ಬ್ಯಾಟ್ ಹಿಡಿದಿರೋನು ಯಾರು ಅಂತ ನನ್ನನ್ನ ಕೇಳ್ತಾರೆ."

"ಅಂದರೆ ನಳಿನಿಯವರನ್ನು ನೀವೇ ಆರಿಸಿಕೊಂಡಿರಿ."

"ಮತ್ತೆ? ಅವಳು ಓದಿ ಹೇಳ್ತಾಳೆ, ಬಾಯಿ ಮುಚ್ಕೋತಾಳೆ. ಇವತ್ತಿನವರೆಗೂ ನಾನು ಯಾರಿಗೆ ಹಾಕಿದೆ ಅಂತ ಆ ತಾಯಿ ಬಾಯಿಬಿಟ್ಟಿಲ್ಲ."

ದಿಯಾಳ ಮುಖ ಅರಳಿತು. ಒಂದಿಡೀ ಕಾಯ್ದೆಯ ಅರ್ಥವನ್ನು ನಾಲ್ಕು ಮಾತಿನಲ್ಲಿ ಹೇಳಿಬಿಡುವ ಸಾಕ್ಷಿ ವಕೀಲರಿಗೆ ದಿನಾ ಸಿಗುವುದಿಲ್ಲ. ಹಾಲೊವೇ ತಲೆ ತಗ್ಗಿಸಿ ಬರೆದುಕೊಂಡು, ಪಟ್ಟಿಯಲ್ಲಿದೆ ಕೇಳಲೇಬೇಕು ಎನ್ನುವ ದನಿಯಲ್ಲಿ ಮುಂದಿನದನ್ನು ಕೇಳಿದರು.

"ಆ ಸಹಾಯಕ್ಕೆ ಪ್ರತಿಯಾಗಿ ನೀವು ಅವರಿಗೆ ಏನನ್ನಾದರೂ ಕೊಟ್ಟಿರಾ?"

ದಿಯಾ ಆಕ್ಷೇಪಣೆ ದಾಖಲಿಸಿದಳು, ಆದರೆ ಗಾಬರಿಯಾಗಲಿಲ್ಲ. ತಯಾರಿಯ ದಿನವೇ ಇಂಗ್ಲಿಷಿನಲ್ಲಿ ಹೇಳಿ, ಫೋನಿನಲ್ಲಿ ತಾಯಿಯಿಂದ ಕನ್ನಡ ಮಾಡಿಸಿ, "ದುಡ್ಡು ಕೊಟ್ರಾ, ಅಜ್ಜಿ?" ಎಂದು ಕೇಳಿದ್ದಳು, "ಛೆ ಛೆ, ದುಡ್ಡು ಕೊಡ್ತಾರೇನೇ?" ಎಂಬ ಉತ್ತರ ಬಂದಿತ್ತು. ಅಲ್ಲಿಗೆ ಮುಗಿಯಿತೆಂದುಕೊಂಡಿದ್ದಳು.

ನಾನು ಪ್ರಶ್ನೆಯನ್ನು ಕನ್ನಡಕ್ಕೆ ತಂದೆ. ಶಾರದಮ್ಮನವರು ಯಾರೋ ಕೆನ್ನೆಗೆ ಹೊಡೆದಂತೆ ಹಿಂದೆ ಸರಿದರು.

"ಇದೇನು ಹೀಗ್ ಕೇಳ್ತಾರೆ? ಮನೆಗೆ ಬಂದ ಮುತ್ತೈದೇನ ಬರಿಗೈಲಿ ಕಳಿಸ್ತಾರೇನಪ್ಪಾ? ನಮ್ಮನೆ ಅಂದ್ರೆ ಏನಂದ್ಕೊಂಡಿದಾರೆ ಇವ್ರು?"

ನನ್ನ ಎದೆ ಧಸಕ್ಕೆಂದಿತು. ಆದರೆ ದುಭಾಷಿಗೆ ಎದೆ ಇರುವುದಿಲ್ಲ. ಅದೇ ಆಕ್ರೋಶದಲ್ಲಿ, ಅದೇ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದೆ. ದಿಯಾಳ ಪೆನ್ನು ಮೇಜಿನ ಮೇಲೆ ಉರುಳಿತು.

"ಏನು ಕೊಟ್ಟಿರಿ, ಮ್ಯಾಮ್?"

"ಅರಿಶಿನ ಕುಂಕುಮ, ಎಲೆ ಅಡಿಕೆ, ಬಾಳೆಹಣ್ಣು, ತೆಂಗಿನಕಾಯಿ, ಒಂದು ಕಣ."

ಕಣವೆಂದರೆ ರವಿಕೆ ಹೊಲಿಸಿಕೊಳ್ಳಲು ಕೊಡುವ ಬಟ್ಟೆಯೆಂದು ಹೇಳಿದೆ. ಹಾಲೊವೇ ಸಜ್ಜನಿಕೆಯಿಂದ ನಕ್ಕರು. "ಅಂದರೆ, ಒಂದು ತುಂಡು ಬಟ್ಟೆ. ದೊಡ್ಡದೇನಲ್ಲ."

ಅವರು ಅಲ್ಲಿಗೆ ಬಿಡುವವರೇ ಇದ್ದರು. ಹಾಳೆ ಮಗುಚುತ್ತಲೂ ಇದ್ದರು. ಆದರೆ "ಒಂದು ತುಂಡು ಬಟ್ಟೆ, ದೊಡ್ಡದೇನಲ್ಲ" ಎಂಬ ಮಾತನ್ನು ನಾನು ಕನ್ನಡದಲ್ಲಿ ಹೇಳಲೇಬೇಕಿತ್ತು, ಹೇಳಿದೆ. ಶಾರದಮ್ಮನವರ ಕಿವಿಯ ಓಲೆಗಳು ಅಲುಗಿದವು. ಅವರು ಒಮ್ಮೆ ನಳಿನಿಯನ್ನು ನೋಡಿದರು, ಒಮ್ಮೆ ಗಾಜಿನ ಗೋಡೆಯ ಆಚೆಗಿನ ಡಲ್ಲಾಸನ್ನು ನೋಡಿದರು.

"ಬರೀ ಕಣ ಯಾರು ಅಂದ್ರು? ಮೈಸೂರು ರೇಷ್ಮೆ ಸೀರೆ. ಜರಿ ಅಂಚಿಂದು. ಜೊತೆಗೆ ಬೆಳ್ಳಿ ಕುಂಕುಮದ ಭರಣಿ. ಬರ್ಕೊಳ್ಳಕ್ಕೆ ಹೇಳಪ್ಪ."

ಹಾಳೆ ಮತ್ತೆ ಹಿಂದಕ್ಕೆ ಮಗುಚಿಕೊಂಡಿತು.

ಸುಳ್ಳೆಂದು ನನಗೆ ಆ ಕ್ಷಣವೇ ಗೊತ್ತಾಯಿತು. ಮರ್ಯಾದೆಗೆ ಕುಂದು ಬಂದಾಗ ನಮ್ಮ ಹೆಂಗಸರ ಬಾಯಲ್ಲಿ ಕಣ ಸೀರೆಯಾಗಿ ಬೆಳೆಯುವುದನ್ನು ನಾನು ಮದುವೆಮನೆಗಳಲ್ಲಿ ಕಂಡವನು. ಆದರೆ ಮದುವೆಮನೆಯಲ್ಲಿ ಶೀಘ್ರಲಿಪಿಗಾರ್ತಿ ಇರುವುದಿಲ್ಲ. ಇಲ್ಲಿ ಒಬ್ಬಾಕೆ ಕೂತು ನಾನು ಅಂದದ್ದನ್ನೆಲ್ಲ, ಜರಿ ಅಂಚು ಸಮೇತ, ಟಕಟಕನೆ ಹೊಡೆಯುತ್ತಿದ್ದಳು. ನಳಿನಿಯ ಮುಖದಲ್ಲಿ ರಕ್ತವೇ ಇರಲಿಲ್ಲ.

ದಿಯಾ ಊಟದ ವಿರಾಮ ಕೇಳಿದಳು.

ಪ್ರಮಾಣ ಮಾಡಿದ ಸಾಕ್ಷಿಯ ಜೊತೆ ವಿರಾಮದಲ್ಲಿ ಸಾಕ್ಷ್ಯದ ವಿಚಾರ ಯಾರೂ ಮಾತನಾಡಕೂಡದೆಂದು ನ್ಯಾಯಾಧೀಶರ ಅಪ್ಪಣೆಯಿತ್ತು. ಹಾಗಾಗಿ ನಾವು ನಾಲ್ವರು ಕಚೇರಿಯ ಅಡುಗೆಕೋಣೆಯಲ್ಲಿ ಮೊಸರನ್ನದ ಡಬ್ಬಿ ಬಿಚ್ಚಿಕೊಂಡು, ಮೊಸರನ್ನವನ್ನೇ ನೋಡುತ್ತ ಕೂತೆವು. ಶಾರದಮ್ಮನವರೊಬ್ಬರೇ ಹಸಿವಿನಿಂದ ಉಂಡರು.

"ಯಾಕ್ರೇ, ಸೂತಕದ ಮನೇಲಿ ಕೂತ ಹಾಗೆ ಕೂತಿದೀರಿ? ನಳಿನಿ, ಉಪ್ಪಿನಕಾಯಿ ಹಾಕ್ಕೋ. ನಾನು ಚೆನ್ನಾಗ್ ಹೇಳಿದ್ನಾ? ನಿನ್ನ ಮರ್ಯಾದೆ ಬಿಟ್ಟುಕೊಡಲಿಲ್ಲ ನೋಡು."

ನಳಿನಿ ಎದ್ದು ಹೋದರು. ಬಚ್ಚಲಿನ ಬಾಗಿಲು ಹಾಕಿಕೊಂಡ ಸದ್ದು, ಆಮೇಲೆ ನಲ್ಲಿಯ ಸದ್ದು. ಬಹಳ ಹೊತ್ತು ನಲ್ಲಿಯ ಸದ್ದೇ.

"ಇವಳಿಗೇನಾಯ್ತು?" ಎಂದು ಶಾರದಮ್ಮ ನನ್ನನ್ನು ಕೇಳಿದರು. ನಾನು ಡಬ್ಬಿಯ ಮುಚ್ಚಳ ಹಾಕಿದೆ.

ಮಧ್ಯಾಹ್ನ ಹಾಲೊವೇ ಒಂದು ಹಾಳೆ ಕೈಯಲ್ಲಿ ಹಿಡಿದು ಬಂದರು. "ಮ್ಯಾಮ್, ನಿಮಗೆ ಅನ್ಯಾಯವಾಗಬಾರದು. ಆದ್ದರಿಂದ ಕಾನೂನು ಏನಿದೆಯೆಂದು ಓದಿ ಹೇಳುತ್ತೇನೆ," ಎಂದು ಓದಿದರು. ನಾನು ಒಂದೊಂದೇ ವಾಕ್ಯವನ್ನು ಕನ್ನಡಕ್ಕೆ ಇಳಿಸಿದೆ. ಸಹಾಯ ಮಾಡಿದವರು ಪ್ರತಿಯಾಗಿ ಬೆಲೆಯುಳ್ಳದ್ದನ್ನು ಪಡೆಯುವುದು ಅಪರಾಧ. ಶಿಕ್ಷೆ ಸೆರೆವಾಸ. ತಾನು ಹಾಗೆ ಪಡೆದಿಲ್ಲವೆಂದು ನಳಿನಿ ಲಕೋಟೆಯ ಮೇಲೆ ಪ್ರಮಾಣ ಮಾಡಿದ್ದಾರೆ. ಅದು ಸುಳ್ಳಾದರೆ ಅದು ಇನ್ನೊಂದು ಅಪರಾಧ.

ಶಾರದಮ್ಮನವರು ಮೊದಲು ನಕ್ಕರು. ಆಮೇಲೆ ಯಾರೂ ನಗದಿರುವುದನ್ನು ಕಂಡರು.

"ಉದಯಾ," ಎಂದರು. "ಇದು ನಿಜವೇನೋ? ಕುಂಕುಮ ಕೊಟ್ರೆ ಜೈಲಾ?"

ಅವರು ಕೇಳಿದ್ದು ನನ್ನನ್ನು. ಆದರೆ ನಾನು ಅಲ್ಲಿ ಇರಲಿಲ್ಲವಲ್ಲ. "ಉದಯಾ, ಇದು ನಿಜವೇನೋ? ಕುಂಕುಮ ಕೊಟ್ಟರೆ ಜೈಲಾ?" ಎಂದು ಇಂಗ್ಲಿಷಿನಲ್ಲಿ ಕೋಣೆಯನ್ನು ಕೇಳಿದೆ. ನನ್ನನ್ನೇ ನಾನು ಹೆಸರು ಹಿಡಿದು ಕರೆದು, ಉತ್ತರ ಕೊಡದೆ ಕೂತೆ. ಆ ಮುದುಕಿ ನನ್ನನ್ನು ನೋಡಿದ ನೋಟವನ್ನು ಯಾವ ಭಾಷೆಗೂ ತರಲು ನನಗೆ ಬರುವುದಿಲ್ಲ.

"ಸೀರೆ ಮತ್ತು ಬೆಳ್ಳಿಯ ಬೆಲೆ ಎಷ್ಟಿರಬಹುದು, ಮ್ಯಾಮ್?"

ಶಾರದಮ್ಮನವರು ಸೆರಗನ್ನು ಹೆಗಲ ಮೇಲೆ ಬಿಗಿಯಾಗಿ ಹೊದ್ದುಕೊಂಡರು.

"ಸೀರೆ ಸುಳ್ಳು," ಎಂದರು.

"ಬೆಳ್ಳಿ?"

"ಅದೂ ಸುಳ್ಳು. ಬಡಾಯಿ ಕೊಚ್ಚಿದೆ. ಇವ್ರು ತುಂಡು ಬಟ್ಟೆ ಅಂದ್ರು, ರೋಷ ಬಂತು. ಕೊಟ್ಟಿದ್ದು ಕಣ."

"ಹಾಗಾದರೆ ಬೆಳಿಗ್ಗೆ ಪ್ರಮಾಣ ಮಾಡಿ ಸುಳ್ಳು ಹೇಳಿದಿರಾ?"

ದಿಯಾ ಅರ್ಧ ಎದ್ದಳು. ಈಗ ಜೈಲಿನ ಬಾಗಿಲು ಮುದುಕಿಯ ಕಡೆಗೂ ತಿರುಗಿತ್ತು.

"ಹೂಂ, ಹೇಳಿದೆ. ಆ ಕಣವೂ ನಾನು ಅಂಗಡೀಲಿ ತಂದಿದ್ದಲ್ಲ." ಸೀರೆ ಸುಳ್ಳೆನ್ನುವುದಕ್ಕಿಂತ ಇದು ಕಷ್ಟದ ಮಾತೆಂದು ಹಾಲೊವೇಗೆ ತಿಳಿಯುವಂತಿರಲಿಲ್ಲ. "ಬೀರೂಲಿ ಒಂದು ಗಂಟು ಇರತ್ತೆ. ಯಾರಾದ್ರೂ ಕೊಟ್ಟ ಕಣ ಅದಕ್ಕೆ ಹಾಕೋದು, ಯಾರಾದ್ರೂ ಬಂದ್ರೆ ಅದರಿಂದ ತೆಗೆದು ಕೊಡೋದು. ಎಲ್ಲರ ಮನೇಲೂ ಅಷ್ಟೇ. ಅಳತೆ ಸಾಲಲ್ಲ, ಬಣ್ಣ ಹೊಂದಲ್ಲ. ಯಾರೂ ಹೊಲಿಸಲ್ಲ."

ಇಷ್ಟು ವರ್ಷ ಅಮೆರಿಕದ ಕನ್ನಡ ಸಂಸಾರಗಳೆಲ್ಲ ಒಬ್ಬರಿಂದೊಬ್ಬರು ಬಚ್ಚಿಟ್ಟುಕೊಂಡು ಬಂದ, ಎಲ್ಲರಿಗೂ ಗೊತ್ತಿದ್ದ ಗುಟ್ಟನ್ನು ನಾನು ಸ್ವಂತ ಬಾಯಿಂದ ಟೆಕ್ಸಾಸ್ ರಾಜ್ಯಕ್ಕೆ ಇಂಗ್ಲಿಷಿನಲ್ಲಿ ಒಪ್ಪಿಸಿದೆ.

"ಆ ಕಣ ನಿಮಗೆ ಎಲ್ಲಿಂದ ಬಂತು?"

"ಯಾರಿಗ್ ಗೊತ್ತು? ಗಿಳಿಹಸಿರು, ಮಾವಿನಕಾಯಿ ಬುಟ್ಟಾ. ಮೂಲೇಲಿ ಅರಿಶಿನದ ಕಲೆ."

"ನಾನೇ ಕೊಟ್ಟಿದ್ದು, ಆಂಟಿ."

ಮೂಲೆಯಿಂದ ಬಂದ ದನಿ. ಶೀಘ್ರಲಿಪಿಗಾರ್ತಿ ಯಾರು ಮಾತಾಡಿದ್ದೆಂದು ಕೈಯೆತ್ತಿದಳು. ನಳಿನಿ ಎದ್ದು ನಿಂತಿದ್ದರು, ಕಣ್ಣು ಕೆಂಪಾಗಿತ್ತು. "ವರಮಹಾಲಕ್ಷ್ಮಿಗೆ ನಮ್ಮನೇಲಿ ನಿಮಗೆ ಕೊಟ್ಟಿದ್ದು ಅದು. ಅಕ್ಟೋಬರಲ್ಲಿ ನೀವು ವಾಪಸ್ ನಂಗೇ ಕೊಟ್ರಿ. ಹೇಳಿದ್ರೆ ನೊಂದ್ಕೋತೀರಿ ಅಂತ ಸುಮ್ನಿದ್ದೆ."

ಶಾರದಮ್ಮನವರು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ಜೈಲಿನ ಮಾತು ಕೇಳಿದಾಗಲೂ ಅವರು ಹೀಗೆ ಬೆಚ್ಚಿರಲಿಲ್ಲ. "ಅಯ್ಯೋ ರಾಮಾ! ನಿನ್ನದೇ ನಿಂಗೆ ಕೊಟ್ನಾ? ನಾಚಿಕೆಗೇಡು!"

"ರಾಮ" ಎಂದರೆ ದೇವರೆಂದು ಹೇಳಿ, ನಾಚಿಕೆಗೇಡನ್ನೂ ದಾಖಲೆಗೆ ಸೇರಿಸಿದೆ.

"ಈಗ ಅದು ಎಲ್ಲಿದೆ?" ಎಂದರು ಹಾಲೊವೇ. ಅವರು ಟೈ ಸಡಿಲ ಮಾಡಿಕೊಂಡಿದ್ದರು.

ನಳಿನಿ ನನ್ನ ಕಡೆ ನೋಡಿದರು. "ದೀಪಾವಳಿಗೆ ಇವರ ಮನೆಯವರಿಗೆ ಕೊಟ್ಟೆ."

ಎಲ್ಲರೂ ನನ್ನತ್ತ ತಿರುಗಿದರು. ದಿನವಿಡೀ ಇಲ್ಲದಿದ್ದ ನಾನು ಏಕಾಏಕಿ ಕೋಣೆಯಲ್ಲಿ ಹುಟ್ಟಿದ್ದೆ. "ದುಭಾಷಿ," ಎಂದೆ, "ತನ್ನ ಹೆಂಡತಿಗೆ ಫೋನು ಮಾಡಲು ಅನುಮತಿ ಕೇಳುತ್ತಿದ್ದಾನೆ."

ಸ್ಪೀಕರಿನಲ್ಲಿ ಹಾಕಲು ಹೇಳಿದರು. ನನ್ನ ಹೆಂಡತಿ ಆ ಕಡೆಯಿಂದ, "ಆ ಗಿಳಿಹಸಿರಿಂದಾ? ಅದನ್ನ ಯಾವಾಗ್ಲೋ ದಾಟಿಸಿದೀನಿ ಕಣ್ರೀ. ಹ್ಯೂಸ್ಟನ್‌ಗೆ ಹೋದಾಗ ದಿಯಾ ಅಮ್ಮನಿಗೆ ಕೊಟ್ನಲ್ಲ. ಯಾಕೆ, ಯಾರಾದ್ರೂ ಏನಾದ್ರೂ ಅಂದ್ರಾ?" ಎಂದಳು.

ದಿಯಾ ಕಣ್ಣು ಮುಚ್ಚಿಕೊಂಡಳು. ಹುಟ್ಟಿದಂದಿನಿಂದ ತಾಯಿಯ ಬೀರುವಿನಲ್ಲಿ ಆ ಗಂಟನ್ನು ನೋಡುತ್ತ ಬಂದವಳಿಗೆ, "ದುಡ್ಡು ಕೊಟ್ರಾ" ಎಂದು ಕೇಳಲು ಹೊಳೆದಿತ್ತೇ ಹೊರತು "ಕಣ ಕೊಟ್ರಾ" ಎಂದು ಕೇಳಲು ಹೊಳೆದಿರಲಿಲ್ಲ.

ಅದೇ ಸಾಕ್ಷ್ಯ ಮುಗಿಯುವುದರೊಳಗೆ ತಾನಾಗಿ ತಿದ್ದಿಕೊಂಡ ಸುಳ್ಳಿಗೆ ಸಾಮಾನ್ಯವಾಗಿ ಶಿಕ್ಷೆಯಿಲ್ಲವೆಂದು ದಿಯಾ ಆಮೇಲೆ ಹೇಳಿದಳು. ಕಣದ ವಿಷಯದಲ್ಲಿ ಮಾತ್ರ ಅಂಥ ಧೈರ್ಯದ ಮಾತನ್ನು ಅವಳು ಆಡಲಿಲ್ಲ.

ಆಗಸ್ಟಿನಲ್ಲಿ ಆಸ್ಟಿನ್ನಿನ ಕೋರ್ಟಿಗೆ ನಾನು ಹೋದದ್ದು ಪ್ರೇಕ್ಷಕನಾಗಿ. ನನ್ನ ಮನೆಯನ್ನೂ ಹಾದುಹೋದ ಸಾಕ್ಷ್ಯಕ್ಕೆ ನಾನು ದುಭಾಷಿಯಾಗುವಂತಿರಲಿಲ್ಲ. ಕ್ಯಾಲಿಫೋರ್ನಿಯಾದಿಂದ ಪರದೆಯ ಮೇಲೆ ಬೇರೊಬ್ಬರು ಬಂದರು. ಕಣ ತನ್ನ ತಾಯಿಯ ಬೀರುವಿನಿಂದ ಬಂದದ್ದರಿಂದ ದಿಯಾ ಕೂಡ ಆ ಭಾಗವನ್ನು ಸಹೋದ್ಯೋಗಿಗೆ ಬಿಟ್ಟುಕೊಟ್ಟು ಕೈಕಟ್ಟಿ ಕೂತಿದ್ದಳು. ಸಾಕ್ಷ್ಯ ಸಂಖ್ಯೆ ಹದಿನಾಲ್ಕು ಪ್ಲಾಸ್ಟಿಕ್ ಚೀಲದಲ್ಲಿ, ಮಡಿಕೆ ಮುರಿಯದೆ, ಅರಿಶಿನದ ಕಲೆ ಮೇಲೆ ಮಾಡಿಕೊಂಡು ಮಲಗಿತ್ತು. ನ್ಯಾಯಾಧೀಶರು ಕನ್ನಡಕ ಏರಿಸಿ ಅದನ್ನು ನೋಡಿದರು.

"ಇದನ್ನು ಯಾರಾದರೂ ಎಂದಾದರೂ ಹೊಲಿಸಿದ್ದಾರೆಯೇ?"

ಸಾಕ್ಷಿಕಟ್ಟೆಯಿಂದ ಶಾರದಮ್ಮ ಇಲ್ಲವೆಂದರು. ನ್ಯಾಯಾಧೀಶರು ಚೀಲವನ್ನು ಇನ್ನೊಮ್ಮೆ ಮಗುಚಿ ನೋಡಿದರು.

ಹದಿನೈದು ದಿನಕ್ಕೆ ತೀರ್ಪು ಬಂತು: ಆ ನಿಯಮ ಫೆಡರಲ್ ಕಾಯ್ದೆಗೆ ವಿರುದ್ಧ, ಜಾರಿ ಮಾಡಕೂಡದು. ಫೋನುಗಳಲ್ಲಿ ಲಡ್ಡುವಿನ ಚಿತ್ರಗಳು ಓಡಾಡಿದವು. ಮೂರು ವಾರಕ್ಕೆ ಮೇಲಿನ ಕೋರ್ಟು ಆ ತೀರ್ಪನ್ನು ತಡೆಹಿಡಿಯಿತು; ಅಪೀಲು ಮುಗಿಯುವವರೆಗೆ ಹಳೆಯ ನಿಯಮವೇ. ನಳಿನಿಯ ಸಂದರ್ಶನವೂ ಮಾರ್ಚಿನಲ್ಲಿ ಆಗಿತ್ತು. ನೀವು ಎಂದಾದರೂ ಅಪರಾಧ ಮಾಡಿ ಸಿಕ್ಕಿಬೀಳದೆ ಉಳಿದಿದ್ದೀರಾ ಎಂದು ಅಲ್ಲಿ ಎಲ್ಲರನ್ನೂ ಕೇಳುತ್ತಾರೆ. ನಳಿನಿ ಎಲ್ಲವನ್ನೂ ಹೇಳಿದರಂತೆ, ಬಾಳೆಹಣ್ಣು ಸಮೇತ. ತೀರ್ಮಾನ ಕಾಯ್ದಿರಿಸಲಾಗಿದೆ ಎಂಬ ಕಾಗದ ಕೊಟ್ಟು ಕಳಿಸಿದರು. ಅದಾಗಿ ಆರು ತಿಂಗಳು.

ದಸರೆಗೆ ಶಾರದಮ್ಮನವರ ಮನೆಯಲ್ಲಿ ಗೊಂಬೆ ಕೂರಿಸಿದ್ದರು. ಹೆಂಡತಿಯ ಜೊತೆ ನಾನೂ ಲಿಟಲ್ ಎಲ್ಮ್‌ಗೆ ಹೋದೆ, ಈ ಬಾರಿ ನಾನಾಗಿಯೇ. ನಾವು ಹೋದಾಗ ಸಂಜೆ ಐದು. ಊಟದ ಮೇಜಿನ ಮೇಲೆ ಆಗತಾನೆ ಅಂಟಿಸಿದ ಬ್ಯಾಲೆಟ್ ಲಕೋಟೆ. ಈ ಸಲ ಜನರ ಮತಕ್ಕೆ ಬಂದದ್ದು ರಾಜ್ಯ ಸಂವಿಧಾನದ ಹದಿನೇಳು ತಿದ್ದುಪಡಿಗಳು. ಅವಷ್ಟನ್ನೂ ನಳಿನಿ ಮಧ್ಯಾಹ್ನವಿಡೀ ಕೂತು ಓದಿ ಹೇಳಿದ್ದರು. ಲಕೋಟೆಯ ಹಿಂದೆ ಅವರ ಪ್ರಮಾಣ, ಅವರ ಸಹಿ, ಮತ್ತೆ.

"ಹೆದರಿಕೆ ಆಗಲ್ವಾ?" ಎಂದು ನನ್ನ ಹೆಂಡತಿ ಮೆಲ್ಲಗೆ ಕೇಳಿದಳು.

"ಆಗತ್ತೆ," ಎಂದರು ನಳಿನಿ. "ನಾನಿಲ್ದಿದ್ರೆ ರಕ್ಷಿತ್ ಬರ್ತಾನೆ."

ಆರತಿಯಾಯಿತು. ಏಳೆಂಟು ಹೆಂಗಸರು ಗೊಂಬೆಗಳ ಮುಂದೆ ಚಾಪೆಯ ಮೇಲೆ ಸಾಲಾಗಿ ಕೂತರು. ಶಾರದಮ್ಮನವರು ತಟ್ಟೆ ಹಿಡಿದು ಬಂದು ಒಬ್ಬೊಬ್ಬರಿಗೂ ಅರಿಶಿನ ಕುಂಕುಮ ಇಟ್ಟು, ಸೆರಗಿಗೆ ತೆಂಗಿನಕಾಯಿ, ಎಲೆ ಅಡಿಕೆ, ಕಣ ಹಾಕುತ್ತ ಬಂದರು. ನನ್ನ ಹೆಂಡತಿಗೆ ನೀಲಿಯದು ಸಿಕ್ಕಿತು. ಪಕ್ಕದಲ್ಲಿ ನಳಿನಿ, ಅಭ್ಯಾಸಬಲದಿಂದ ಸೆರಗು ಒಡ್ಡಿ ಕೂತಿದ್ದರು.

ತಟ್ಟೆ ನಿಂತಿತು.

ಬೆಳಿಗ್ಗೆಯೇ ಶಾರದಮ್ಮನವರು ಹ್ಯೂಸ್ಟನ್ನಿಗೆ ಫೋನು ಮಾಡಿ ದಿಯಾಳನ್ನು ಕೇಳಿದ್ದರಂತೆ. ಕಣ ಬೇಡ ಸರಿ, ಕಾಯಿ? ನೋ ಅಜ್ಜಿ. ಬಾಳೆಹಣ್ಣು? ನೋ. ಬರೀ ಕುಂಕುಮ, ಹಣೆಗೆ, ಚಿಟಿಕೆಯಷ್ಟು? ದಿಯಾ ಹುಟ್ಟಿದ ಮೇಲೆ ಮೊದಲ ಬಾರಿಗೋ ಏನೋ ಕನ್ನಡದಲ್ಲೇ ಹೇಳಿದಳಂತೆ: "ಈಗ ಬೇಡ ಅಜ್ಜಿ. ಅವರ ಪೇಪರ್ಸ್ ಬರ್ಲಿ."

ಐವತ್ತೈದು ವರ್ಷದಿಂದ ಮನೆಯ ಹೊಸಿಲಲ್ಲಿ ಒಬ್ಬ ಮುತ್ತೈದೆಯನ್ನೂ ಬರಿಗೈಯಲ್ಲಿ ಕಳಿಸದ ಹೆಂಗಸು, ತಟ್ಟೆಯನ್ನು ನಳಿನಿಯ ತಲೆಯ ಮೇಲಿಂದ ಎತ್ತಿ ದಾಟಿಸಿ, ಆಚೆಯ ಹುಡುಗಿಯ ಮುಂದೆ ಬಗ್ಗಿದರು. ಕುಂಕುಮ ಆ ಹುಡುಗಿಯ ಹಣೆ ತಪ್ಪಿ ಮೂಗಿನ ಮೇಲೆ ಬಿತ್ತು. ನಳಿನಿ ಸೆರಗನ್ನು ಮಡಿಲಿಂದ ತೆಗೆದು, ಸುಕ್ಕು ಸವರಿ, ಹೆಗಲಿಗೆ ಹಾಕಿಕೊಂಡರು.

ಹೊರಡುವಾಗ ಎಲ್ಲರ ಜೊತೆ ನಳಿನಿಯೂ ಬಾಗಿಲಿಗೆ ಬಂದರು. ಶಾರದಮ್ಮನವರು ಹೊಸಿಲ ಒಳಗೆ, ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದರು. ಬಿಟ್ಟರೆ ಕೈಗಳು ತಮ್ಮಷ್ಟಕ್ಕೆ ತಾವೇ ಏನಾದರೂ ಕೊಟ್ಟುಬಿಟ್ಟಾವೆಂಬಂತೆ.

"ಬರ್ತೀನಿ ಆಂಟಿ."

"ಹೋಗು ಹೋಗು," ಎಂದರು ಶಾರದಮ್ಮ. ಮುಖ ಗೊಂಬೆಗಳ ಕಡೆಗಿತ್ತು. "ನಿಂಗೆ ಕೊಡಕ್ಕೆ ನನ್ಹತ್ರ ಏನೂ ಇಲ್ಲ. ಬೇಕಾದ್ರೆ ಬರ್ಕೊಳ್ಳಲಿ."